ಎದೆಗೂಡಿನೊಳಗಿನ ಕೈಚಳಕ

ಸಿಗ್ನಲ್ಲುಗಳು ಕೃಪೆ ತೋರಿದರೆ ಜಯನಗರದಿಂದ ಹೊಸೂರು ರಸ್ತೆಯ ಕಿದ್ವಾಯಿಗೆ ಆಟೊದಲ್ಲಿ ದೂರವೇನಲ್ಲ. 1973ರಲ್ಲಿ ಶುರುವಾದ ಈ ಕ್ಯಾನ್ಸರ್ ಆಸ್ಪತ್ರೆಯ ಮುಂದೆ ಹಾದುಹೋಗುವಾಗಲೆಲ್ಲ ಎದೆಯೊಳಗಿನ ದೊಡ್ಡ ಗಡ್ಡೆ ತೆಗೆಯುವವರ ನೆನಪಾಗುತ್ತದೆ ನನಗೆ.

ಹೊಟ್ಟೆಯಲ್ಲಿ ಬೆಳೆದ ಗಡ್ಡೆಗೆ ಹಿಗ್ಗಲು ಜಾಗವುಂಟು. ಎದೆಗೂಡು ಹಾಗಲ್ಲ, ಮೂಳೆಯ ಪಂಜರ. ಶ್ವಾಸಕೋಶಗಳ ನಡುವೆ ಬೆಳೆದದ್ದು ಹೃದಯವನ್ನೂ ಶ್ವಾಸನಾಳವನ್ನೂ ಒತ್ತುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬಿಗೊರಗಿ ಕೂತೇ ರಾತ್ರಿ ಕಳೆಯುವವರಿದ್ದಾರೆ. ಹಾಗಾಗಿ ನನ್ನ ಮೊದಲ ಮೆಚ್ಚುಗೆ ಅರಿವಳಿಕೆ ವೈದ್ಯರಿಗೆ. (ಹೆಸರು ಬರುವುದು ಸರ್ಜನ್‌ಗೇ, ಬಿಡಿ.) ಮದ್ದಿಗೆ ಸ್ನಾಯುಗಳು ಪೂರ್ತಿ ಸಡಿಲವಾದರೆ ಗಡ್ಡೆಯ ಭಾರಕ್ಕೆ ಶ್ವಾಸನಾಳವೇ ಮುಚ್ಚಿಹೋಗಬಹುದು. ಅದಕ್ಕೇ ಕೆಲವೊಮ್ಮೆ ರೋಗಿಯನ್ನು ಅರ್ಧ ಕೂರಿಸಿ, ಅವರು ಎಚ್ಚರವಿದ್ದು ತಾವೇ ಉಸಿರಾಡುತ್ತಿರುವಾಗಲೇ, ಕ್ಯಾಮೆರಾ ಇರುವ ತೆಳು ಕೊಳವೆಯ ಜಾಡಿನಲ್ಲಿ ಉಸಿರಿನ ನಳಿಕೆ ಇಳಿಸುತ್ತಾರೆ.

ಆಮೇಲೆ ಗರಗಸ. ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಅಷ್ಟು ಒರಟು ಕೆಲಸದ ಬೆನ್ನಿಗೇ ನಾಜೂಕು: ಹೃದಯದ ಚೀಲಕ್ಕೆ ಅಂಟಿಕೊಂಡಂತೆ ನೂಲಿನಂಥ ನರವೊಂದು ಉಸಿರಾಟದ ಸ್ನಾಯುವಾದ ವಪೆಯತ್ತ ಇಳಿಯುತ್ತದೆ, ಎಡಕ್ಕೊಂದು, ಬಲಕ್ಕೊಂದು. ಅದು ತುಂಡಾದರೆ ಆ ಬದಿಯ ವಪೆ ಸುಮ್ಮನಾಯಿತೆಂದೇ ಲೆಕ್ಕ. ಗಡ್ಡೆ ನರಕ್ಕೆ ಒತ್ತಿಕೊಂಡಿದ್ದರೆ, ಜಯನಗರ ನಾಲ್ಕನೇ ಬ್ಲಾಕಿನ ಹೂವಿನಾಕೆ ಗಂಟುಬಿದ್ದ ದಾರ ಬಿಡಿಸುವ ಹಾಗೆ, ಎಳೆಯದೆ, ಅವಸರಿಸದೆ ಬಿಡಿಸಬೇಕು. ಬಿಡಿಸಲಾಗದಷ್ಟು ಹಬ್ಬಿದ್ದರೆ ನರವನ್ನು ಬಿಟ್ಟುಕೊಡುವ ನಿರ್ಧಾರವೂ ಅಲ್ಲೇ, ಆಗಲೇ.

ಕೊನೆಗೆ ಸೀಳಿದ ಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿದು, ತಿರುಚಿ, ಚುಚ್ಚದಂತೆ ತುದಿಯನ್ನು ಒಳಕ್ಕೆ ಬಾಗಿಸುತ್ತಾರೆ.