ಇಂಜನ್ನಾಸಿಯ ‘ಕೋಕೆ ಸುದುರ್’: ಎಲ್ಲೆಗಳ ಆಡಳಿತ ಮತ್ತು ಚರಿತ್ರೆಯ ನೆನಪು

ಮಂಚೂ ಆಳ್ವಿಕೆಯ ಕಾಲದ ಮಂಗೋಲ್ ಸಾಹಿತ್ಯದಲ್ಲಿ ಇಂಜನ್ನಾಸಿಯ (1837–1892) ‘ಕೋಕೆ ಸುದುರ್’ ಎಂಬ ಐತಿಹಾಸಿಕ ಕಾದಂಬರಿಗೆ ವಿಶಿಷ್ಟ ಸ್ಥಾನವಿದೆ. ‘ನೀಲ ವೃತ್ತಾಂತ’ ಎಂಬರ್ಥದ ಈ ಶೀರ್ಷಿಕೆಯಲ್ಲಿನ ‘ಸುದುರ್’, ಬೌದ್ಧಗ್ರಂಥಗಳೊಡನೆ ಮಧ್ಯ ಏಷ್ಯಾವನ್ನು ಹಾದುಹೋದ ಸಂಸ್ಕೃತದ ‘ಸೂತ್ರ’ವೇ. ಚೆಂಗಿಸ್ ಖಾನನ ಕಾಲವನ್ನು ಚಿತ್ರಿಸುವ ಈ ಕೃತಿಯನ್ನು ಗತವೈಭವದ ಸ್ತುತಿಯೆಂದು ಓದುವುದು ಸುಲಭ. ಆದರೆ ಅದು ಹುಟ್ಟಿದ ಆಡಳಿತವ್ಯವಸ್ಥೆಯನ್ನು ಗಮನಿಸಿದಾಗ ಬೇರೊಂದು ಅರ್ಥ ಹೊಳೆಯುತ್ತದೆ.

1636ರಲ್ಲಿ ದಕ್ಷಿಣ ಮಂಗೋಲ್ ನಾಯಕರು ಹಾಂಗ್ ತೈಜಿಯನ್ನು ಸಾಮ್ರಾಟನೆಂದು ಒಪ್ಪಿದರು. 1691ರಲ್ಲಿ ದೊಲೋನ್ ನೂರ್ ಸಭೆಯಲ್ಲಿ ಉತ್ತರದ ಖಲ್ಖಾ ಮಂಗೋಲರೂ ಕಾಂಗ್‌ಶಿ ಚಕ್ರವರ್ತಿಗೆ ಅಧೀನರಾದರು. ‘ಲಿಫಾನ್ ಯುವಾನ್’ ಎಂಬ ಕಾರ್ಯಾಲಯದ ಮೇಲ್ವಿಚಾರಣೆಯಲ್ಲಿ ದಕ್ಷಿಣದ ಮಂಗೋಲರು 6 ಒಕ್ಕೂಟಗಳಾಗಿ, 49 ‘ಧ್ವಜ’ಗಳೆಂಬ ಆಡಳಿತ ಘಟಕಗಳಾಗಿ ವಿಂಗಡಗೊಂಡರು. ಪ್ರತಿ ಧ್ವಜಕ್ಕೂ ಗೊತ್ತಾದ ಎಲ್ಲೆ, ‘ಜಾಸಗ್’ ಎಂಬ ಒಡೆಯ. ಅಪ್ಪಣೆಯಿಲ್ಲದೆ ಎಲ್ಲೆ ದಾಟುವುದು ದಂಡನೀಯವಾಗಿತ್ತು. ಕುಲೀನರಿಗೆ ಬಿರುದು, ವೇತನ, ರಾಜಮನೆತನದೊಡನೆ ವೈವಾಹಿಕ ಸಂಬಂಧಗಳು ದೊರೆತವು. ಕಳೆದುಹೋದದ್ದು ಅವರ ಅಂತಸ್ತಲ್ಲ, ಧ್ವಜಗಳನ್ನು ಮೀರಿ ಒಂದಾಗುವ ರಾಜಕೀಯ ಸಾಧ್ಯತೆ.

ಜೋಸೊತು ಒಕ್ಕೂಟದ ತುಮೆದ್ ಧ್ವಜದ ಕುಲೀನ ಮನೆತನದಲ್ಲಿ ಹುಟ್ಟಿದ ಇಂಜನ್ನಾಸಿ ಈ ವ್ಯವಸ್ಥೆಯ ಫಲಾನುಭವಿಯೂ ಹೌದು. ಮಂಗೋಲ್ ಭಾಷೆಯ ಜೊತೆಗೆ ಚೀನೀ ಸಾಹಿತ್ಯದಲ್ಲೂ ಆಳವಾದ ಪರಿಶ್ರಮವಿದ್ದ ಆತ, ತಂದೆ ವಾಂಗ್‌ಚಿನ್‌ಬಾಲ ಆರಂಭಿಸಿದ್ದ ಕೃತಿಯನ್ನು ಮುಂದುವರಿಸಿದ. ಅದರ ಪೀಠಿಕೆಯ ಮೊನಚು ಬಹುಮಟ್ಟಿಗೆ ಸ್ವಜನರತ್ತಲೇ ತಿರುಗಿದೆ: ಸ್ವಂತ ಚರಿತ್ರೆಯನ್ನರಿಯದ ಮಂಗೋಲರು, ಮಠಗಳ ಮೇಲಿನ ಅತಿಯಾದ ಅವಲಂಬನೆ ಅಲ್ಲಿ ಟೀಕೆಗೊಳಗಾಗುತ್ತವೆ. ಈ ಆತ್ಮವಿಮರ್ಶೆಯೇ ಕೃತಿಯನ್ನು ಬರಿಯ ಸ್ತುತಿಯಿಂದ ಬೇರ್ಪಡಿಸುತ್ತದೆ. ಆದರೂ ಖಾನರು ಮತ್ತು ಸೇನಾನಿಗಳ ಕಥನವನ್ನೇ ಜನಾಂಗದ ಕಥನವೆಂದು ಭಾವಿಸುವ ಅದರ ದೃಷ್ಟಿಗೆ ವರ್ಗದ ಮಿತಿಯಿದೆ. ಧ್ವಜಗಳ ಒಡೆಯರಿಗೆ ಸೇವೆ ಸಲ್ಲಿಸಬೇಕಾಗಿದ್ದ ಸಾಮಾನ್ಯ ಪಶುಪಾಲಕ ಆ ಕಥನದ ಕೇಂದ್ರಕ್ಕೆ ಬರುವುದಿಲ್ಲ.

ಮಂಗೋಲ್ ಪಶುಪಾಲಕನನ್ನು ತಡೆಯುತ್ತಿದ್ದ ಎಲ್ಲೆಗಳು ಚೀನೀ ಕೃಷಿಕರ ನೇಗಿಲನ್ನು ತಡೆಯಲಾರದೆ ಹೋದವು. ಜೋಸೊತು ಪ್ರದೇಶದ ಹುಲ್ಲುಗಾವಲುಗಳು ಹೊಲಗಳಾದವು. ನೆಲದ ಕಲಹ ತೀವ್ರವಾಯಿತು. 1891ರ ಜಿನ್‌ದಾನ್‌ದಾವ್ ದಂಗೆಯಲ್ಲಿ ಅಪಾರ ಸಂಖ್ಯೆಯ ಮಂಗೋಲರು ಹತರಾದರು. ಮನೆಮಾರು ತೊರೆದ ಇಂಜನ್ನಾಸಿ ಮರುವರ್ಷ ಜಿನ್‌ಜೋವಿನಲ್ಲಿ ತೀರಿಕೊಂಡ. ಆಡಳಿತ ಹಂಚಿಹಾಕಿದ್ದ ಜನಕ್ಕೆ ಸಮಾನವಾದ ಒಂದು ಗತಕಾಲವನ್ನು ಆತ ಕಟ್ಟಿಕೊಟ್ಟಿದ್ದ. ಆ ಜನ ಕಾಲೂರಿದ್ದ ನೆಲವನ್ನು ಉಳಿಸುವ ಶಕ್ತಿ ಮಾತ್ರ ಗ್ರಂಥಕ್ಕಿರಲಿಲ್ಲ. ‘ಕೋಕೆ ಸುದುರ್’ನ ಮೌಲ್ಯಮಾಪನ ಈ ಎರಡನ್ನೂ ಒಟ್ಟಿಗೆ ಪರಿಗಣಿಸಬೇಕಾಗುತ್ತದೆ.