ಒಂದು ಕಣ್ಣು ಮುಚ್ಚಿ ನೆಕ್ ನೋಡಿ

ಫೋನಿಗೆ ಬಂದ ವಿಡಿಯೊ ಕೇಳಿ ಬೇಸ್ ಗಿಟಾರ್ ಕೊಳ್ಳಬೇಡಿ. ಬೇಸಿನ ಅತಿ ದಪ್ಪ ತಂತಿ, ಅಂದರೆ ಇ ತಂತಿ, ಬೆರಳಿಡದೆ ಮೀಟಿದರೆ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಅಷ್ಟು ಮಂದ್ರದ ನಾದವನ್ನು ಹೊರಡಿಸುವ ತ್ರಾಣ ಫೋನಿನ ಪುಟಾಣಿ ಸ್ಪೀಕರಿಗೆ ಇಲ್ಲ. ನಮಗೆ ಕೇಳಿಸುವುದು ನಾದದ ಸಿಪ್ಪೆ. ತಿರುಳು ಅಲ್ಲಿ ಇರುವುದೇ ಇಲ್ಲ.

ಯಲಹಂಕ ನ್ಯೂಟೌನಿನ ನಮ್ಮ ಮನೆಯ ಮಹಡಿಯಲ್ಲಿರುವ ಹುಡುಗಿಗೆ ಕಳೆದ ತಿಂಗಳು ಹೇಳಿದ್ದೂ ಇದನ್ನೇ. ಎಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಿನ ಬ್ಯಾಂಡಿಗೆ ಬೇಸ್ ನುಡಿಸುವವರು ಬೇಕಾಗಿ, ಅವಳು ಒಪ್ಪಿಕೊಂಡು ಬಂದಿದ್ದಳು. ಕೈಯಲ್ಲಿ 15 ಸಾವಿರ ರೂಪಾಯಿ. ‘ಅಂಕಲ್, ಈ ಮೂರರಲ್ಲಿ ಯಾವ್ದು ತಗೊಳ್ಳಲಿ?’ ಎಂದು ಫೋನ್ ಮುಂದೆ ಹಿಡಿದಳು. ಮಾರಾಟಕ್ಕಿದ್ದ ಮೂರು ಹಳೆಯ ಬೇಸುಗಳ ವಿಡಿಯೊ. ಒಂದು ಸಹಕಾರನಗರದ್ದು, ಒಂದು ಹೆಬ್ಬಾಳದ್ದು, ಇನ್ನೊಂದು ಆರ್‌.ಟಿ. ನಗರದ್ದು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಮೂರನ್ನೂ ಮುಟ್ಟಿ ನೋಡಲು ಹೊರಟೆವು.

ಬೆಂಗಳೂರಿನ ಈ ಉತ್ತರ ದಿಕ್ಕಿನಲ್ಲಿ ಹಳೆಯ ಬೇಸುಗಳು ಸಿಗುವುದಕ್ಕೆ ಕಾರಣಗಳಿವೆ. ಮಾನ್ಯತಾ ಟೆಕ್ ಪಾರ್ಕಿಗೆ ಕೆಲಸಕ್ಕೆ ಬಂದವರು ಮೊದಲ ಸಂಬಳಗಳಲ್ಲಿ ಕೊಂಡು, ವರ್ಗವಾದಾಗಲೋ ಮಗು ಹುಟ್ಟಿದಾಗಲೋ ಮಾರುತ್ತಾರೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. 2011ರ ಅಕ್ಟೋಬರ್ 30ರಂದು ಅಲ್ಲಿಯೇ ಮೆಟಾಲಿಕಾ. ಐರನ್ ಮೇಡನ್ನಿನ ಸ್ಟೀವ್ ಹ್ಯಾರಿಸ್ ಕೈಯಲ್ಲಿ ಪ್ರಿಸಿಷನ್ ಬೇಸ್ ಕುದುರೆಯಂತೆ ಓಡಿದ್ದನ್ನು ನೋಡಿ ಬಂದು ಬೇಸ್ ಕೊಂಡ ಇಬ್ಬರು ನನಗೆ ಗೊತ್ತು. ಇಬ್ಬರದ್ದೂ ಈಗ ಮಂಚದ ಕೆಳಗಿವೆ. ಇವೆಲ್ಲಕ್ಕಿಂತ ಹಳೆಯ ಮೂಲ ನಮ್ಮ ಆರ್ಕೆಸ್ಟ್ರಾ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಬೀದಿ ಬೀದಿಯಲ್ಲಿ ಪೆಂಡಾಲ್ ಏಳುತ್ತಿದ್ದ ದಿನಗಳಲ್ಲಿ ಪ್ರತಿ ವಾದ್ಯಗೋಷ್ಠಿಯೂ ಒಬ್ಬ ಬೇಸ್ ವಾದಕನನ್ನು ಸಾಕುತ್ತಿತ್ತು. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳನ್ನು ಬೇಸ್ ಇಲ್ಲದೆ ವೇದಿಕೆಗೆ ತರುವುದಾದರೂ ಹೇಗೆ? ಆಮೇಲೆ ಕೀಬೋರ್ಡ್ ವಾದಕನ ಎಡಗೈ ಆ ಕೆಲಸವನ್ನು ವಹಿಸಿಕೊಂಡಿತು. ಈಗ ಎಷ್ಟೋ ಕಡೆ ಮೊದಲೇ ತುಂಬಿಸಿಟ್ಟ ಟ್ರ್ಯಾಕ್. ಬೇಸ್ ವಾದಕರು ಮನೆಯಲ್ಲಿ ಉಳಿದರು. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಸಹಕಾರನಗರದ್ದು ಮಿರಮಿರ ಮಿಂಚುವ ಐದು ತಂತಿಯದು. ಕಡಿಮೆ ಬೆಲೆಯ ಐದು ತಂತಿಯ ಬೇಸುಗಳಲ್ಲಿ ಆ ಐದನೆಯ ಬಿ ತಂತಿ ಬಹುಮಟ್ಟಿಗೆ ಜೋಲುತ್ತದೆ, ಸ್ವರವೆನ್ನುವುದಕ್ಕಿಂತ ಗುಡುಗಿನಂತೆ ಕೇಳುತ್ತದೆ. ಕಲಿಯುವವರಿಗೆ ನಾಲ್ಕೇ ಸಾಕು. ಅಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ.

ಹೆಬ್ಬಾಳದ ಮನೆಯಲ್ಲಿ ಪ್ಲಗ್ ಹಾಕುವ ಮೊದಲೇ ನಾನು ಬೇಸಿನ ಬುಡವನ್ನು ಕೆನ್ನೆಗೆ ತಂದು, ಬಡಗಿ ಹಲಗೆಯ ನೇರ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೆಕ್ಕಿನ, ಅಂದರೆ ತಂತಿಗಳು ಹಾಯುವ ಕತ್ತಿನ, ಉದ್ದಕ್ಕೂ ದೃಷ್ಟಿ ಹಾಯಿಸಿದೆ. ಹಳೆಯ ಬೇಸ್ ಕೊಳ್ಳುವುದೆಂದರೆ ನೆಕ್ ಕೊಳ್ಳುವುದು. ಬುಡದ ಕುದುರೆಯಿಂದ (ಬ್ರಿಜ್) ತಲೆಯ ನಟ್‌ವರೆಗೆ 34 ಇಂಚಿನ ತಂತಿ. ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವು ಒಟ್ಟಾಗಿ ಎಳೆಯುವ ಬಲ ಹೆಚ್ಚುಕಡಿಮೆ 80 ಕಿಲೋ. ಅಷ್ಟು ಭಾರವನ್ನು ಆ ಸಣಕಲು ಮರ ಹಗಲೂ ರಾತ್ರಿ, ವರ್ಷಗಟ್ಟಲೆ ತಡೆದು ನಿಂತಿರುತ್ತದೆ. ಮರ ಬಾಗಿದ್ದರೆ ಹೆದರಬೇಕಾಗಿಲ್ಲ; ಒಳಗಿರುವ ಟ್ರಸ್ ರಾಡ್ ಎಂಬ ಕಬ್ಬಿಣದ ಸಲಾಕೆಯನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿದರೆ ಮತ್ತೆ ನೇರಕ್ಕೆ ಬರುತ್ತದೆ. ಮರ ತಿರುಚಿಕೊಂಡಿದ್ದರೆ, ಅಂದರೆ ದಪ್ಪ ತಂತಿಯ ಕಡೆಯ ಅಂಚು ಒಂದು ದಾರಿ, ತೆಳ್ಳನೆ ತಂತಿಯ ಕಡೆಯ ಅಂಚು ಇನ್ನೊಂದು ದಾರಿ ಹಿಡಿದಿದ್ದರೆ, ಕೈಮುಗಿದು ಎದ್ದು ಬನ್ನಿ. ಯಶವಂತಪುರದ ಕಡೆ ಬಹಳ ವರ್ಷಗಳ ಹಿಂದೆ ಕತ್ತಲಾದ ಮೇಲೆ ಹೋಗಿ, ಬಣ್ಣಕ್ಕೆ ಮರುಳಾಗಿ ನಾನು ಕೊಂಡ ಮೊದಲ ಬೇಸ್ ಅಂಥದು. ಎರಡು ವರ್ಷ ಅದರೊಡನೆ ಗುದ್ದಾಡಿದೆ. ಒಂಬತ್ತನೆಯ ಫ್ರೆಟ್ಟಿನಿಂದ, ಅಂದರೆ ನೆಕ್ಕಿನ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಯಿಂದ, ಆಚೆಗೆ ಅದು ಎಂದೂ ಹಾಡಲಿಲ್ಲ. ಅಂದಿನಿಂದ ಹಗಲು ಬೆಳಕಿನಲ್ಲಲ್ಲದೆ ವಾದ್ಯ ನೋಡುವುದಿಲ್ಲ.

ಹೆಬ್ಬಾಳದ್ದರ ನೆಕ್ ನೇರವಾಗಿತ್ತು. ಆದರೆ ಮೊದಲ ಐದು ಫ್ರೆಟ್ಟುಗಳಲ್ಲಿ ತಂತಿ ಕೊರೆದ ಹಳ್ಳ ಉಗುರಿಗೆ ಸಿಗುವಷ್ಟು ಆಳ. ವೀಣೆಯ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಮೇಣ ಕರಗಿದರೆ, ಮೆಟ್ಟಿಲು ಸವೆದರೆ, ಬಲ್ಲವರು ಹೊಸದಾಗಿ ಮೇಳ ಕಟ್ಟಿ ಕೊಡುತ್ತಾರೆ. ಅದು ವೀಣೆಯ ಬಾಳಿನ ವಾಡಿಕೆ. ಬೇಸಿನ ಫ್ರೆಟ್ಟು ಹಾಗಲ್ಲ. ಮರದ ಸೀಳಿಗೆ ಬಡಿದು ಕೂರಿಸಿದ್ದು ಅದು. ಎಲ್ಲವನ್ನೂ ಕಿತ್ತು ಬದಲಿಸುವ ಕೂಲಿ ಅಗ್ಗದ ಬೇಸಿನ ಬೆಲೆಯ ದೊಡ್ಡ ಪಾಲನ್ನೇ ನುಂಗಿಬಿಡುತ್ತದೆ. ಬೇಡವೆಂದೆ. ಹುಡುಗಿಯ ಮುಖ ಸಪ್ಪಗಾಯಿತು. ಅದರ ಕಡುಗೆಂಪು ಬಣ್ಣ ಅವಳಿಗೆ ಹಿಡಿಸಿತ್ತು.

ಇನ್ನೊಂದು ಮಾತು, ನಮ್ಮೂರಿನ ಹವೆಯದು. ಮಾರ್ಚ್, ಏಪ್ರಿಲ್‌ನ ಒಣಗಾಳಿಗೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಆಗ ನೆಕ್ಕಿನ ಅಂಚಿನಲ್ಲಿ ಕೈ ಜಾರಿಸಿದರೆ ಫ್ರೆಟ್ಟಿನ ತುದಿಗಳು ಗರಗಸದಂತೆ ಚುಚ್ಚುತ್ತವೆ. ಮಳೆಗಾಲದಲ್ಲಿ ಅದೇ ಬೇಸ್ ನುಣುಪು. ಆ ತುದಿಗಳನ್ನು ಅರದಿಂದ ಉಜ್ಜಿ ಸರಿಪಡಿಸಬಹುದು. ಬೇಸಿಗೆಯಲ್ಲಿ ಚುಚ್ಚಿತೆಂದು ಒಳ್ಳೆಯ ವಾದ್ಯವನ್ನು ಬಿಟ್ಟು ಬರಬೇಡಿ.

ಆರ್‌.ಟಿ. ನಗರದ ಮನೆ ತಲುಪಿದಾಗ ಹನ್ನೆರಡು ದಾಟಿತ್ತು. ಮಾರುವವರು ಅರವತ್ತರ ಆಸುಪಾಸಿನ ಆರ್ಕೆಸ್ಟ್ರಾ ವಾದಕರು. ಯಮಹಾದ ನಾಲ್ಕು ತಂತಿಯ ಬೇಸನ್ನು ಬಿಳಿ ಪಂಚೆಯೊಂದರಲ್ಲಿ ಸುತ್ತಿಟ್ಟಿದ್ದರು. ಬಲಗೈ ಊರುವ ಜಾಗದಲ್ಲಿ ಬಣ್ಣ ಎದ್ದು ಮರ ಕಾಣುತ್ತಿತ್ತು. ಅವರೇ ಮೊದಲು ಹೇಳಿದರು: ‘ನೋಡಿ ಸಾರ್, ನಿಧಾನವಾಗಿ ನೋಡಿ. ಮಗೂ, ನೀನೂ ನೋಡಮ್ಮ.’ ನೆಕ್ ನೇರ. ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದಾಗ ಏಳನೆಯದರ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು, ಇರಬೇಕಾದದ್ದು ಅಷ್ಟೇ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳು ಸೋಕಿಸಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಒಂದೇ ಆಗಿ ಕೂಡಿದವು. ಪ್ಲಗ್ ಇಲ್ಲದೆಯೇ ಬೇಸಿನ ಮೇಲಿನ ಕೊಂಬನ್ನು ಗದ್ದಕ್ಕೆ ಆನಿಸಿಕೊಂಡು ಇ ತಂತಿ ಮೀಟಲು ಹುಡುಗಿಗೆ ಹೇಳಿದೆ. ನಾದ ಮೂಳೆಯ ಮೂಲಕ ಕಿವಿಗೆ ಬರುತ್ತದೆ. ಮರ ಎಷ್ಟು ಹೊತ್ತು ಅದನ್ನು ಹಿಡಿದಿಡುತ್ತದೆ ಎಂಬುದನ್ನು ಯಾವ ಆಂಪ್ ಕೂಡ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಅವಳು ಕಣ್ಣು ಮುಚ್ಚಿದವಳು ಬಹಳ ಹೊತ್ತು ತೆರೆಯಲಿಲ್ಲ.

ಆಮೇಲೆ ಒಂದೊಂದೇ ಫ್ರೆಟ್ಟು, ಒಂದೊಂದೇ ತಂತಿ. ಜಿ ತಂತಿಯ ಆರನೆಯ ಫ್ರೆಟ್ಟಿನ ಹತ್ತಿರ ಸ್ವರ ತುಸು ಬೇಗ ಸೊರಗಿತು. ‘ಅಂಕಲ್, ಇಲ್ಲಿ ಏನೋ ತೊಂದ್ರೆ ಇದೆ.’ ಹಿರಿಯರು ನಕ್ಕು, ‘ಅಲ್ಲಿ ಸ್ವಲ್ಪ ಮಂಕಮ್ಮ ಅದು, ಮೊದಲಿಂದ್ಲೂ’ ಎಂದರು. ದೋಷವಲ್ಲ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದಾಗಿನಿಂದಲೂ, ಸ್ಕ್ರೂಗಳಿಂದ ನೆಕ್ ಬಿಗಿಯುವ ಬೇಸುಗಳಲ್ಲಿ ಐದರಿಂದ ಏಳನೆಯ ಫ್ರೆಟ್ಟಿನ ನಡುವೆ ಇಂಥದೊಂದು ಜಾಗ ಸಾಮಾನ್ಯ. ಆ ಸ್ವರಕ್ಕೆ ನೆಕ್ಕೂ ಜೊತೆಗೂಡಿ ಕಂಪಿಸಿ ತಂತಿಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ವಾದಕರು ಅದೇ ಸ್ವರವನ್ನು ಡಿ ತಂತಿಯಲ್ಲಿ ಹಿಡಿಯುತ್ತಾರೆ.

ವಿದ್ಯುತ್ತಿನ ಭಾಗದ ಬಗ್ಗೆ ಜನ ಅತಿಯಾಗಿ ಹೆದರುತ್ತಾರೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಧೂಳು. ಕ್ಲೀನರ್ ಸಿಂಪಡಿಸಿದರೆ ಸಾಕು. ಜ್ಯಾಕ್ ಸಡಿಲವಾಗಿದ್ದರೆ ಬೆಸುಗೆ ಬಲ್ಲ ಯಾರಾದರೂ ಸರಿಮಾಡುತ್ತಾರೆ. ಬ್ಯಾಟರಿ ಇರುವ ಬೇಸಾದರೆ ಅದರ ಗೂಡನ್ನು ಮಾತ್ರ ತೆಗೆದು ನೋಡಿ, ಸೋರಿ ಹಸಿರುಗಟ್ಟಿದ್ದರೆ ಒಳಗಿನ ವೈರುಗಳು ಕೊಳೆತಿರುತ್ತವೆ. ಭಾರವನ್ನೂ ಕೇಳಿ. ನಾಲ್ಕೂವರೆ ಕಿಲೋ ದಾಟಿದ ಬೇಸ್ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಹೆಗಲನ್ನು ಕಾಡುತ್ತದೆ.

ಹಿರಿಯರು ಕೇಳಿದ್ದು 14 ಸಾವಿರ. ತಂತಿಗಳು ಸತ್ತುಹೋಗಿದ್ದವು, ಹೊಸ ಸೆಟ್ಟಿಗೆ ಸುಮಾರು 2 ಸಾವಿರ ಬೇಕು. ಅಷ್ಟನ್ನು ಬಿಟ್ಟುಕೊಡಿ ಎಂದು ನಾನೇ ಕೇಳಿದೆ. ಯೋಚಿಸಿ ಒಪ್ಪಿದರು. ಇದಕ್ಕಿಂತ ಹೆಚ್ಚು ಜಗ್ಗಾಡುವ ಮನಸ್ಸು ನನಗಿರಲಿಲ್ಲ. ಹಣ ಎಣಿಸಿದ ಮೇಲೆ ಅವರು ಬೇಸನ್ನು ಮತ್ತೆ ಪಂಚೆಯಲ್ಲಿ ಸುತ್ತಿ ಅವಳ ಕೈಗಿಟ್ಟು, ಬಾಗಿಲವರೆಗೂ ಬಂದರು. ‘ನುಡಿಸಿದ್ಮೇಲೆ ಕೇಬಲ್ ಕಿತ್ತಿಡಮ್ಮ. ಚುಚ್ಚೇ ಇಟ್ರೆ ರಾತ್ರಿಯೆಲ್ಲಾ ಬ್ಯಾಟರಿ ತಿನ್ನುತ್ತೆ.’