ಸಾಲಿಡಸ್: ಅಂಗೈಯಲ್ಲೊಂದು ಸಾಮ್ರಾಜ್ಯ

ಕಾನ್‌ಸ್ಟಂಟೈನ್ ಚಕ್ರವರ್ತಿ 4ನೇ ಶತಮಾನದ ಆರಂಭದಲ್ಲಿ ಚಲಾವಣೆಗೆ ತಂದ ಸಾಲಿಡಸ್, ಒಂದು ರೋಮನ್ ಪೌಂಡ್ ಚಿನ್ನಕ್ಕೆ 72ರಂತೆ ಟಂಕಿಸಿದ ನಾಣ್ಯ. ತೂಕ ಸುಮಾರು ನಾಲ್ಕೂವರೆ ಗ್ರಾಂ.

ಇದನ್ನು ಗುರುತಿಸಲು ಮುಖ ನೋಡಿ ಪ್ರಯೋಜನವಿಲ್ಲ. 5ನೇ ಶತಮಾನದ ಕಾನ್‌ಸ್ಟಾಂಟಿನೋಪಲ್ ನಾಣ್ಯಗಳಲ್ಲಿ ಎರಡನೇ ಥಿಯೋಡೋಸಿಯಸ್, ಲಿಯೋ, ಜೀನೋ ಎಲ್ಲರೂ ಒಂದೇ ಅಚ್ಚಿನವರಂತೆ ಕಾಣುತ್ತಾರೆ: ತಲೆಗೆ ಶಿರಸ್ತ್ರಾಣ, ಹೆಗಲ ಮೇಲೆ ಈಟಿ, ಗುರಾಣಿಯ ಮೇಲೆ ಕುದುರೆ ಸವಾರ. ಆದ್ದರಿಂದ ಅಂಚಿನ ಅಕ್ಷರಗಳನ್ನೇ ಓದಬೇಕು. ‘ಡಿ ಎನ್’ ಎಂದರೆ ‘ನಮ್ಮ ಪ್ರಭು’. ಅದರ ಮುಂದೆ ದೊರೆಯ ಹೆಸರು, ಕೊನೆಗೆ ಬಿರುದು.

ಹಿಂಬದಿಯ ಜಾಣತನ ಇನ್ನೂ ಸೊಗಸು. ಉದ್ದನೆಯ ಶಿಲುಬೆ ಹಿಡಿದು ನಿಂತ ವಿಜಯದೇವತೆಯ ಪಾದದ ಕೆಳಗೆ ‘ಕೊನೊಬ್’ (CONOB) ಎಂಬ ಐದಕ್ಷರದ ಗುರುತು. ಮೊದಲ ಮೂರು ಅಕ್ಷರ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ, ಉಳಿದೆರಡು ಅಪರಂಜಿಗೆ. ಆ ಎರಡನ್ನೇ ಗ್ರೀಕ್ ಅಂಕಿಗಳಾಗಿ ಓದಿದರೆ 72! ಸುತ್ತುಬರಹದ ಕೊನೆಯ ಗ್ರೀಕ್ ಅಕ್ಷರ ಟಂಕಸಾಲೆಯ ಯಾವ ವಿಭಾಗ ಎಂದು ಹೇಳುತ್ತದೆ. ಪಶ್ಚಿಮದ ನಾಣ್ಯಗಳಲ್ಲಾದರೆ ‘ಎಂಡಿ’ ಮಿಲಾನ್‌, ‘ಆರ್‌ವಿ’ ರಾವೆನ್ನಾ.

ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲೂ ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಿನ್ನದ ನಾಣ್ಯಗಳು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ದೊರೆತ ಇಂಥ ಹಲವು ನಾಣ್ಯಗಳಲ್ಲಿ ದೊರೆಯ ತಲೆಯ ಮೇಲ್ಭಾಗಕ್ಕೆ ಎರಡು ತೂತುಗಳಿವೆ. ಅಲ್ಲಿ ತೆರಿಗೆಗೂ ಸಂಬಳಕ್ಕೂ ಆದ ಹಣ, ಇಲ್ಲಿ ಒಡವೆಯಾಗಿ ಕೊರಳೇರಿತ್ತು. ತೂತು ಬಿದ್ದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಕಡಿಮೆ ಕಟ್ಟಬಹುದು; ನನಗಂತೂ ಅದರ ಮೇಲೇ ಹೆಚ್ಚು ಪ್ರೀತಿ.